ಸಂಜೆಯ ಸಹಿ

ನಮ್ಮೂರಿನಲ್ಲಿ ಸೂರ್ಯ ಮುಳುಗುವುದು ಆರನೇ ತರಗತಿಯ ಹಾಜರಿ ಪುಸ್ತಕಕ್ಕೆ ಸಂಜೆಯ ಸಹಿ ಬಿದ್ದ ಮೇಲೆ. ಆ ತರಗತಿಯ ಟೀಚರು ನಾನು. ಬೆಳಿಗ್ಗೆ ಎಷ್ಟು ಮಕ್ಕಳು ಬಂದಿದ್ದರೋ ಸಂಜೆಯೂ ಅಷ್ಟೇ ತಲೆ ಎಣಿಸಿ, ಕೆಂಪು ಶಾಯಿಯಲ್ಲಿ ಸಂಖ್ಯೆ ಬರೆದು, ಕೆಳಗೆ ಮಂದಾಕಿನಿ ಎಂದು ಸಹಿ ಹಾಕಿದರೆ ಸೂರ್ಯ ನಿಧಾನವಾಗಿ ಕೆರೆಯ ಹಿಂದೆ ಇಳಿಯುತ್ತಾನೆ. ಐದನೇ ತರಗತಿಯ ಸಹಿಗೂ ಏಳನೇ ತರಗತಿಯ ಸಹಿಗೂ ಅವನು ಕ್ಯಾರೇ ಅನ್ನುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಭಾನುವಾರವೂ ಖಾಲಿ ಶಾಲೆಗೆ ಬಂದು ‘ರಜೆ’ ಎಂದು ಬರೆದು ಸಹಿ ಹಾಕಿ ಹೋಗುತ್ತೇನೆ. ಇಷ್ಟಾದರೂ ಊರವರ ಬಾಯಲ್ಲಿ ನಾನು ‘ಹತ್ತರಿಂದ ನಾಲ್ಕೂವರೆ ತನಕ ಆರಾಮಾಗಿ ಕೂತಿರೋ ಟೀಚರಮ್ಮ’.

ನನಗಿಂತ ಮುಂಚೆ ಇದ್ದ ಟೀಚರು ತಂಗಿಯ ನಿಶ್ಚಿತಾರ್ಥಕ್ಕೆ ಹೋಗುವ ಅವಸರದಲ್ಲಿ ಒಂದು ದಿನ ಮಧ್ಯಾಹ್ನ ಒಂದಕ್ಕೇ ಸಹಿ ಹಾಕಿಬಿಟ್ಟಿದ್ದರಂತೆ. ಕೋಳಿಗಳು ಗೂಡು ಸೇರಿದವು, ಜನ ಮಧ್ಯಾಹ್ನದ ಊಟದ ಕೈ ತೊಳೆದು ಹಾಗೇ ರಾತ್ರಿ ಊಟಕ್ಕೆ ಕೂತರು, ಆ ಟೀಚರಿಗೆ ವಾರದೊಳಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದ ನನಗೆ ಇಲಾಖೆಯವರು ಕೊಟ್ಟ ತರಬೇತಿ ಎರಡು ವಾಕ್ಯದ್ದು. ಬೇಗ ಹಾಕಬೇಡಿ. ತಡ ಮಾಡಬೇಡಿ.

ನಾನು ಹೇಳಹೊರಟಿರುವ ದಿನ ಬೆಳಿಗ್ಗೆ ನಲವತ್ತಮೂರು ಮಕ್ಕಳು ಹಾಜರಿದ್ದರು. ಮೊದಲ ಪೀರಿಯಡ್ಡಿನಲ್ಲಿ ಭಿನ್ನರಾಶಿ ಶುರುಮಾಡಿದೆ. ಬೋರ್ಡಿನ ಮೇಲೆ ಅರ್ಧ ಎಂದು ಬರೆಯುವಷ್ಟರಲ್ಲಿ ಆರೋಗ್ಯ ಇಲಾಖೆಯಿಂದ ಕಬ್ಬಿಣಾಂಶದ ಮಾತ್ರೆ ಬಂತು. ನಲವತ್ತಮೂರು ಮಕ್ಕಳಿಗೂ ನುಂಗಿಸಿ, ನುಂಗಿದರೋ ಕೆನ್ನೆಯಲ್ಲಿಟ್ಟುಕೊಂಡರೋ ಎಂದು ಬಾಯಿ ತೆರೆಸಿ ನೋಡಬೇಕು. ಅದಾದ ಮೇಲೆ ಬೂಟಿನ ಅಳತೆ. ಕಳೆದ ವರ್ಷ ತೆಗೆದ ಅಳತೆಗೆ ಈ ವರ್ಷ ಬೂಟು ಬಂದಿತ್ತು, ಆದ್ದರಿಂದ ಮುಂದಿನ ವರ್ಷದ ಬೂಟಿಗೆ ಈ ವರ್ಷದ ಕಾಲು ಅಳೆಯಬೇಕಂತೆ. ಮಕ್ಕಳ ಕಾಲು ಸರ್ಕಾರಕ್ಕೆ ಹೇಳದೆ ಕೇಳದೆ ಬೆಳೆಯುತ್ತವೆ, ಅದಕ್ಕೆ ನಾನು ಏನು ಮಾಡಲಿ? ಹನ್ನೊಂದು ಗಂಟೆಗೆ ಭಿನ್ನರಾಶಿ ಇನ್ನೂ ಅರ್ಧಕ್ಕೇ ನಿಂತಿತ್ತು.

ಆಗ ಹೆಡ್‌ಮಾಸ್ಟರು ಪಂಪಾಪತಿಯವರು ಬಾಗಿಲಲ್ಲಿ ನಕ್ಕರು. ಅವರು ಬಾಗಿಲಲ್ಲಿ ನಿಂತು ನಕ್ಕರೆ ಕೈಯಲ್ಲಿ ಸುತ್ತೋಲೆ ಇದೆ ಎಂದೇ ಅರ್ಥ.

“ಮೇಡಮ್ಮೋರೆ, ಒಂದು ಸಣ್ಣ ಕೆಲಸ. ಊರಲ್ಲಿರೋ ಮರಗಳ ಗಣತಿ. ಇವತ್ತು ಸಂಜೆಯೊಳಗೆ ಕಳಿಸ್ಬೇಕಂತೆ.”

“ಊರಿನ ಮರಾನೆಲ್ಲಾನಾ ಸಾರ್?”

“ಎಲ್ಲಾನೂ. ಹಣ್ಣಿಂದು, ನೆರಳಿಂದು, ಇತರೆ ಅಂತ ಮೂರು ಕಾಲಂ ಇದೆ. ಸಂಜೆ ಆಗೋದು ಹೆಂಗೂ ನಿಮ್ಮ ಕೈಲೇ ಇದೆಯಲ್ಲ!” ಎಂದು ಅವರು ತಮ್ಮ ಮಾತಿಗೆ ತಾವೇ ಇನ್ನೊಮ್ಮೆ ನಕ್ಕು ಹೋದರು.

ಊಟದ ಗಂಟೆ ಹೊಡೆದ ಮೇಲೆ ಮಕ್ಕಳಿಗೆ ಹೇಳಿದೆ, ಅವರವರ ಬೀದಿಯ ಮರಗಳನ್ನು ಎಣಿಸಿ ಬನ್ನಿ ಎಂದು. ಓಡಿಹೋದರು. ಅರ್ಧ ಗಂಟೆಯಲ್ಲಿ ಚೀಟಿ ಹಿಡಿದು ವಾಪಸು ಬರತೊಡಗಿದರು. ಒಬ್ಬ ಮಲ್ಲಿಗೆ ಬಳ್ಳಿಯನ್ನೂ ಮರಕ್ಕೆ ಸೇರಿಸಿದ್ದ, ಇನ್ನೊಬ್ಬಳು ಕರೆಂಟು ಕಂಬಗಳನ್ನು ‘ಇತರೆ’ಗೆ ಹಾಕಿದ್ದಳು. ಇದೇ ಹೊತ್ತಿಗೆ ಇರ್ಫಾನ ಎಂಬ ಹುಡುಗ ಬಾಯಿ ತುಂಬ ರಕ್ತ ಮಾಡಿಕೊಂಡು ಬಂದ. ಬಾಯಿ ತೆರೆದರೆ ಮುಚ್ಚದ ಆಸಾಮಿ ಅವನು. ಓಡುವಾಗ ಬೇವಿನ ಮರಕ್ಕೇ ಮುಖ ಕೊಟ್ಟು, ಅಲ್ಲಾಡುತ್ತಿದ್ದ ಹಲ್ಲನ್ನು ಬೀಳಿಸಿಕೊಂಡಿದ್ದ. ನಾನು ಅವನನ್ನು ಕುರ್ಚಿಯಲ್ಲಿ ಕೂರಿಸಿ ಒಸಡಿಗೆ ಹತ್ತಿ ಒತ್ತುತ್ತಿದ್ದೆ. ಬೆನ್ನ ಹಿಂದೆ ನಾಲ್ವರು ಚೀಟಿ ಹಿಡಿದು ತಳ್ಳಾಡುತ್ತಿದ್ದರು, ಕಿಟಕಿಯಲ್ಲಿ ಅಡುಗೆಯವಳು ಮೊಟ್ಟೆ ಒಂದು ಕಮ್ಮಿ ಬಂದಿದೆ ಎಂದು ಕೂಗುತ್ತಿದ್ದಳು.

“ಟೀಚರ್, ನಮ್ಮ ಬೀದೀಲಿ ಎರಡೇ ಮರ ಇರೋದು. ಎಣ್ಸಿ ಆಯ್ತು. ಈಗ ಏನ್ ಮಾಡ್ಲಿ?” ಎಂದು ಯಾರೋ ಕೇಳಿದರು.

“ಕೆರೆ ಆಚೆ ಹೊಂಗೆ ತೋಪಿದೆಯಲ್ಲ, ಅಲ್ಲಿಗೆ ಹೋಗಿ ಎಣಿಸು.”

“ಎಲ್ಲೀವರೆಗೆ ಎಣಿಸ್ಲಿ?”

“ಸಂಜೆವರೆಗೆ ಎಣಿಸು ಹೋಗು!” ಎಂದೆ, ತಲೆ ಎತ್ತದೆ. ಹಾಗೇ ಇರ್ಫಾನನ ದವಡೆ ಹಿಡಿದು, “ನೀನೂ ಅಷ್ಟೆ, ಸಂಜೆವರೆಗೆ ಬಾಯಿ ಬಿಟ್ಟೀಯ ಜೋಕೆ. ಹತ್ತಿ ಬಿದ್ರೆ ಮತ್ತೆ ರಕ್ತ ಬರುತ್ತೆ” ಎಂದೆ.

ಈ ಎರಡು ಮಾತುಗಳಲ್ಲಿ ಎರಡನೆಯದು ಮಾತ್ರ ನನ್ನ ನೆನಪಿನಲ್ಲಿ ಉಳಿಯಿತು. ಮೊದಲನೆಯದು ಅಂದು ನಾನು ಆಡಿದ ಸಾವಿರ ಮಾತಿನಲ್ಲಿ ಒಂದಾಗಿ ಹೋಯಿತು. ಕೇಳಿದ್ದು ಯಾರೆಂದು ನೋಡಿದ್ದರಲ್ಲವೇ ನೆನಪಿರುವುದು?

ಮಧ್ಯಾಹ್ನದ ಮೇಲೆ ಎರಡು ತರಗತಿಯನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡಿದೆ, ಏಕೆಂದರೆ ಏಳನೇ ತರಗತಿಯ ಮೇಷ್ಟ್ರು ಚೆನ್ನಾಗಿ ಪಾಠ ಮಾಡುವುದು ಹೇಗೆಂಬ ತರಬೇತಿಗೆ ಹೋಗಿದ್ದರು. ನಾಲ್ಕೂವರೆಗೆ ಗಂಟೆ ಹೊಡೆಯಿತು. ಸಾಲಾಗಿ ನಿಲ್ಲಿಸಿ ತಲೆ ಎಣಿಸಿದೆ. ನಲವತ್ತೆರಡು. ಮತ್ತೆ ಎಣಿಸಿದೆ. ನಲವತ್ತೆರಡೇ. ಹೆಸರು ಕೂಗಿದೆ. ಪುಟ್ಟತಾಯಿ ಎಂದಾಗ ಯಾರೂ ‘ಎಸ್ ಟೀಚರ್’ ಅನ್ನಲಿಲ್ಲ.

ಪುಟ್ಟತಾಯಿಯ ಬಗ್ಗೆ ಹೇಳಬೇಕು. ಪುರಿಭಟ್ಟಿ ಬೀದಿಯಲ್ಲಿ ಮಂಡಕ್ಕಿ ಹುರಿಯುವ ದ್ಯಾವಮ್ಮನ ಮಗಳು. ಸಣ್ಣಗೆ ಕಡ್ಡಿಯ ಹಾಗಿದ್ದಾಳೆ, ತಲೆಯಲ್ಲಿ ಯಾವಾಗಲೂ ಒಂದೆರಡು ಪುರಿ ಸಿಕ್ಕಿಕೊಂಡಿರುತ್ತವೆ. ಐದು ಸಾಲು ಬರೆಯಲು ಹೇಳಿದರೆ ಆರನೆಯ ಸಾಲು ಬರೆಯುವುದಿಲ್ಲ, ನಾಲ್ಕಕ್ಕೂ ನಿಲ್ಲಿಸುವುದಿಲ್ಲ. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಮಗು. ಇಂಥ ಮಕ್ಕಳು ಟೀಚರಿಗೆ ಬಹಳ ಅನುಕೂಲ, ಅವರು ಇರುವುದೇ ಗೊತ್ತಾಗುವುದಿಲ್ಲ. ಅವಳು ಇಲ್ಲದಿರುವುದೂ ಮೂರು ಗಂಟೆಯ ಕಾಲ ನನಗೆ ಗೊತ್ತಾಗಲಿಲ್ಲ.

ಮಕ್ಕಳನ್ನು ಪುರಿಭಟ್ಟಿ ಬೀದಿಗೆ ಓಡಿಸಿದೆ. ದ್ಯಾವಮ್ಮ ಭಟ್ಟಿಯಿಂದ ಮುಖದ ಮಸಿಯೊಂದಿಗೇ ಓಡಿಬಂದಳು. ಬೀದಿಯ ಎರಡು ಮರದ ಹತ್ತಿರ ಮಗಳು ನಿಂತಿದ್ದನ್ನು ಮಧ್ಯಾಹ್ನ ಕಂಡಿದ್ದಳಂತೆ, ಆಮೇಲೆ ಕಂಡಿಲ್ಲ. ಊರ ಗಂಡಸರು ಬಾವಿಗಳನ್ನು ಇಣುಕಿದರು, ಕೆರೆಗೆ ಇಳಿದರು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು.

ಗಡಿಯಾರ ಆರಾಯಿತು, ಆರೂವರೆಯಾಯಿತು. ಸೂರ್ಯ ಕೆರೆಯ ಮೇಲೆ ಒಂದು ಮಾರು ಎತ್ತರದಲ್ಲಿ ನಿಂತು ನನ್ನ ಸಹಿ ಕಾಯುತ್ತಿದ್ದ. ಆಗ ಊರು ಶಾಲೆಗೆ ಬಂತು.

ಮಗು ಹುಡುಕುವುದಕ್ಕೆ ಬಂದವರು ಕೆಲವರು. ಉಳಿದವರು ಸಂಜೆ ಕೇಳುವುದಕ್ಕೆ ಬಂದವರು. ಎಲ್ಲರಿಗಿಂತ ಮುಂದೆ ಟೂರಿಂಗ್ ಟಾಕೀಸಿನ ವೀರಭದ್ರಯ್ಯ ಇದ್ದರು. ಅವರ ಟೆಂಟಿನಲ್ಲಿ ಬೆಳಕಿದ್ದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ.

“ಏನ್ ಟೀಚರಮ್ಮ, ಏಳು ಗಂಟೆ ಆಗ್ತಾ ಬಂತು. ಜನ ಒಳಗೆ ಕೂತು ಬಿಳೀ ಬಟ್ಟೆ ನೋಡ್ತಾವ್ರೆ. ಒಂದು ಸಹಿ ಹಾಕಕ್ಕೆ ಇಷ್ಟು ಒದ್ದಾಟವಾ?”

“ಒಂದು ಮಗು ಸಿಕ್ಕಿಲ್ಲ ವೀರಭದ್ರಯ್ಯನೋರೆ.”

“ಸಿಗುತ್ತೆ ಬಿಡಿ. ನಲವತ್ತಮೂರು ಅಂತ ಬರ್ದು ಸಹಿ ಹಾಕಿ, ಆಮೇಲೆ ಟಾರ್ಚ್ ಹಿಡ್ಕೊಂಡು ಹುಡುಕೋಣ. ನಮ್ಮ ಟೆಂಟಿನ ಟಾರ್ಚೇ ಕೊಡ್ತೀನಿ.”

ಎಂಥ ಧಾರಾಳ! ಹಾಲಿನವನು ಎಮ್ಮೆಗಳು ಸಂಜೆಯಾಗದೆ ಸೊರ ಬಿಡುತ್ತಿಲ್ಲ, ಹಾಲು ಇಳಿಯುತ್ತಿಲ್ಲ ಎಂದ. ದೀಪ ಹಚ್ಚುವ ಹೊತ್ತಿಗೆ ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕಿದ್ದ ಒಬ್ಬರು, ಹೊಸ ಸೊಸೆ ಹೊಸ್ತಿಲ ಆಚೆ ಒಂದು ಗಂಟೆ ಹೊತ್ತಿನಿಂದ ನಿಂತೇ ಇದ್ದಾಳೆ, ಈಗಾಗಲೇ ಅತ್ತೆಗೂ ಅವಳಿಗೂ ಮಾತು ಬೆಳೆದಿದೆ ಎಂದರು. ಪಕ್ಕದ ಊರಿನಿಂದ ಬರುವ ಕೊನೆಯ ಬಸ್ಸು ದೀಪ ಹಾಕಿಕೊಂಡು ಕತ್ತಲಿಂದ ನಮ್ಮ ಬಿಸಿಲಿಗೆ ನುಗ್ಗಿತು. ಕಂಡಕ್ಟರು ಕಣ್ಣಿಗೆ ಕೈ ಅಡ್ಡ ಹಿಡಿದು, “ನಿಮ್ಮೂರಿನ ಟೀಚರು ಇನ್ನೂ ಮನೆಗೆ ಹೋಗಿಲ್ವೇನ್ರೀ?” ಎಂದು ಬೈದ. ಹತ್ತೊಂಬತ್ತು ವರ್ಷದಲ್ಲಿ ಸಂಜೆ ಸರಿಯಾಗಿ ಆಗುತ್ತಿದೆ ಎಂದು ಒಬ್ಬರೂ ಬಂದು ಹೇಳಿರಲಿಲ್ಲ. ತಡವಾಗಿದ್ದನ್ನು ಹೇಳಲು ಇಡೀ ಊರಿಗೆ ಶಾಲೆಯ ದಾರಿ ಗೊತ್ತಿತ್ತು.

ನಾನು ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತೆ. ಸಹಿ ಹಾಕಿದರೆ ಕತ್ತಲಾಗುತ್ತದೆ, ಕತ್ತಲಾದರೆ ಮಗು ಸಿಗುವುದಿಲ್ಲ. ನನ್ನ ಹತ್ತಿರ ಇದ್ದದ್ದು ಆ ಬೆಳಕು ಒಂದೇ. ಅದನ್ನು ಟಾಕೀಸಿಗೂ ಎಮ್ಮೆಗೂ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ರಂಜಾನ್ ತಿಂಗಳು ಬೇರೆ. ಇರ್ಫಾನನ ತಾತ ಬುಡೇನ್ ಸಾಬರು ಬೆಳಗಿನಿಂದ ಹನಿ ನೀರು ಮುಟ್ಟದೆ ಉಪವಾಸವಿದ್ದರು. ಎಪ್ಪತ್ತೈದು ದಾಟಿದ ಮುದುಕರು ಕೈಯಲ್ಲೊಂದು ಖರ್ಜೂರ ಹಿಡಿದುಕೊಂಡು ಬಾಗಿಲಿಗೆ ಬಂದಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ಅವರಿಗೆ ಸಂಜೆ ಬೇಕಿದ್ದಷ್ಟು ಅಲ್ಲಿ ಯಾರಿಗೂ ಬೇಕಿರಲಿಲ್ಲ.

“ಸಾಬರೇ, ನಿಮಗೆ ತುಂಬ ಕಷ್ಟ ಕೊಡ್ತಿದ್ದೀನಿ” ಎಂದೆ.

“ಸುಮ್ಕಿರಮ್ಮ. ಅರವತ್ತು ವರ್ಷದಿಂದ ಉಪಾಸ ಮಾಡೀನಿ, ಇನ್ನೊಂದು ಗಂಟೆಗೆ ಸತ್ತೋಗಾಕಿಲ್ಲ. ಮಗು ಸಿಗ್ಲಿ” ಎಂದು ಬೆಂಚಿನ ಮೇಲೆ ಕೂತರು. ಕೂತವರು ಎದುರಿಗೆ ನೋಡಿದರು. “ಅದ್ಸರಿ, ನಮ್ಮುಡ್ಗನ್ನ ಯಾಕೆ ಬೆಂಚ್ ಮೇಲೆ ನಿಲ್ಸಿದೀರಿ?”

ಇರ್ಫಾನನನ್ನು ಐದು ಗಂಟೆಗೆ ನಾನೇ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಪುಟ್ಟತಾಯಿ ಎಲ್ಲಿ ಎಂದು ನಾನು ಅಳುವ ಸ್ಥಿತಿಯಲ್ಲಿ ಕೇಳುತ್ತಿದ್ದರೆ ಅವನು ಎರಡು ಕೈ ಮೇಲೆತ್ತಿ ಮರದ ಹಾಗೆ ತೂಗಾಡುತ್ತಿದ್ದ, ಬೆರಳು ಎಣಿಸುತ್ತಿದ್ದ, ಕಿಟಕಿಯ ಕಡೆಗೆ ಕುಣಿಯುತ್ತಿದ್ದ. ಮಂಗಾಟವೆಂದು ತಿಳಿದು ಶಿಕ್ಷೆ ಕೊಟ್ಟಿದ್ದೆ. ಎರಡು ಗಂಟೆ ಹೊತ್ತು ಅವನು ಅಲ್ಲೇ ನಿಂತು ಮರವಾಗಿ ಮರವಾಗಿ ಸುಸ್ತಾಗಿದ್ದ.

“ಏನೋ ಅದು? ಬಾಯ್ ಬಿಟ್ಟು ಹೇಳೋ” ಎಂದರು ತಾತ. ಅವನು ತಲೆ ಅಲ್ಲಾಡಿಸಿ, ಕಿಟಕಿಯ ಆಚೆ ನಿಂತಿದ್ದ ಸೂರ್ಯನನ್ನು ತೋರಿಸಿ, ಬಾಯಿಯ ಮೇಲೆ ಬೆರಳಿಟ್ಟುಕೊಂಡ.

ಆಗ ನನಗೆ ಹೊಳೆಯಿತು. ಸಂಜೆವರೆಗೆ ಬಾಯಿ ಬಿಡಬೇಡ ಎಂದಿದ್ದೆ. ಸಂಜೆ ಆಗಿರಲಿಲ್ಲ.

“ಬಿಡಪ್ಪಾ, ಬಾಯಿ ಬಿಡು. ನಾನೇ ಹೇಳ್ತಿದ್ದೀನಿ!” ಎಂದು ಕಿರುಚಿದೆ.

ಅವನು ಹತ್ತಿ ಉಗಿದ. “ನೀವೇ ಕಳ್ಸಿದ್ದಲ್ವಾ ಟೀಚರ್! ಹೊಂಗೆ ತೋಪಿಗೆ ಹೋಗಿ ಸಂಜೆವರೆಗೆ ಮರ ಎಣ್ಸು ಅಂದ್ರಿ ಪುಟ್ಟತಾಯಿಗೆ. ನಾನು ಕುರ್ಚೀಲೇ ಇದ್ನಲ್ಲ. ಇಷ್ಟೊತ್ತೂ ಅದನ್ನೇ ಹೇಳ್ತಿದ್ದೆ!”

ಇಡೀ ಊರು ತಿರುಗಿ ನನ್ನನ್ನು ನೋಡಿತು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ದ್ಯಾವಮ್ಮ ಮಾತ್ರ ಬೈಯಲೂ ನಿಲ್ಲದೆ ತೋಪಿನ ಕಡೆ ಓಡಿದಳು.

ಹೊಂಗೆ ತೋಪು ಕೆರೆಯ ಏರಿ ಇಳಿದ ಕೂಡಲೇ ಶುರುವಾಗಿ ಗುಡ್ಡದ ತನಕ ಎರಡು ಮೈಲಿ ಹಬ್ಬಿದೆ. ಮಧ್ಯೆ ಮಧ್ಯೆ ಕಲ್ಲು ತೆಗೆದು ಬಿಟ್ಟ ಗುಂಡಿಗಳಿವೆ, ಅವುಗಳಲ್ಲಿ ಆಳು ಮುಳುಗುವಷ್ಟು ನೀರಿದೆ. ಮೂವತ್ತು ಜನ ಕೂಗುತ್ತ ಹುಡುಕಿದರು. ಮೊದಲ ಮರಗಳ ಮೇಲೆ ಸೀಮೆಸುಣ್ಣದ ಗೀಟುಗಳಿದ್ದವು, ಎಣಿಸಿದ ಮರಕ್ಕೆಲ್ಲ ಒಂದೊಂದು. ಅರ್ಧ ಮೈಲಿಯಾದ ಮೇಲೆ ಗೀಟುಗಳು ನಿಂತಿದ್ದವು. ಅಲ್ಲೇ ಪಕ್ಕದಲ್ಲಿ ಒಂದು ಗುಂಡಿ. ಇಬ್ಬರು ಈಜುಗಾರರು ಇಳಿದು ಬರಿಗೈಯಲ್ಲಿ ಮೇಲೆ ಬಂದರು. ತಳ ಸಿಗಲಿಲ್ಲ ಎಂದರು.

ಎಂಟೂವರೆಗೆ ದ್ಯಾವಮ್ಮ ಶಾಲೆಗೆ ವಾಪಸು ಬಂದು ನನ್ನ ಎದುರು ನಿಂತಳು. ಕೂಗಿ ಕೂಗಿ ಗಂಟಲು ಹೋಗಿತ್ತು.

“ಸಹಿ ಹಾಕವ್ವ” ಎಂದಳು.

ನನಗೆ ಅರ್ಥವಾಗಲಿಲ್ಲ.

“ಸಂಜೆಗಂಟ ಎಣ್ಸು ಅಂದಿದೀಯ. ಬೆಳಕಿರೋಗಂಟ ಎಣಿಸ್ಕೊಂಡು ಮುಂದ್ಮುಂದಕ್ಕೆ ಹೋಯ್ತಾನೇ ಇರ್ತಾಳೆ. ಸಂಜೆ ಆದ್ರೆ ತಿರುಗ್ತಾಳೆ.”

“ಗುಂಡಿ ಹತ್ರ ಗೀಟು ನಿಂತಿದೆ ದ್ಯಾವಮ್ಮ. ಕತ್ತಲು ಮಾಡಿಬಿಟ್ಟು, ಆಮೇಲೆ ಅವಳು ಅಲ್ಲೇ...”

“ಸೀಮೆಸುಣ್ಣ ಮುಗ್ದಿರ್ತದೆ” ಎಂದಳು ದ್ಯಾವಮ್ಮ. “ನನ್ನ ಮಗಳು ಕನವ್ವ. ಏಳಿದ್ದು ಬಿಟ್ಟು ಬ್ಯಾರೆ ಮಾಡಾಕಿಲ್ಲ. ಗುಂಡಿಗೆ ಬೀಳು ಅಂತ ಯಾರೂ ಏಳಿಲ್ವಲ್ಲ.”

ಅಷ್ಟು ಹೊತ್ತು ಸಹಿ ಸಹಿ ಎಂದು ಬಾಯಿ ಬಡಿದುಕೊಂಡಿದ್ದ ಊರು ಈಗ ತಣ್ಣಗಾಯಿತು. ವೀರಭದ್ರಯ್ಯನವರು, ಒಂದು ದಿನ ಆಟ ಇಲ್ಲದಿದ್ದರೆ ಏನೂ ಮುಳುಗಿಹೋಗುವುದಿಲ್ಲ ಎಂದರು. ಹೆಡ್‌ಮಾಸ್ಟರು ನನ್ನ ಕಿವಿಯ ಹತ್ತಿರ ಬಗ್ಗಿ, “ಮೇಡಮ್ಮೋರೆ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ಪುಸ್ತಕಾನೇ ಸಾಕ್ಷಿ. ಪೆನ್ಸಿಲ್ಲಲ್ಲಿ ಹಾಕಿದ್ರೆ ಹೆಂಗೆ?” ಎಂದರು. ಪೆನ್ಸಿಲಿನ ಸಹಿಗೆ ನಮ್ಮ ಸೂರ್ಯ ಜಗ್ಗುವುದಿಲ್ಲ, ಅದು ಹೆಡ್‌ಮಾಸ್ಟರಿಗೂ ಗೊತ್ತು. ಆದರೂ ಅಭ್ಯಾಸ ಬಲ.

ಹತ್ತೊಂಬತ್ತು ವರ್ಷದಲ್ಲಿ ನಾನು ಆ ಪುಸ್ತಕದಲ್ಲಿ ಸುಳ್ಳು ಬರೆದಿರಲಿಲ್ಲ. ಒಳ್ಳೆಯತನಕ್ಕಲ್ಲ, ಬರೆಯುವ ಸಂದರ್ಭ ಬಂದಿರಲಿಲ್ಲ ಅಷ್ಟೆ. ಬೆಳಕು ಇಟ್ಟುಕೊಂಡರೆ ಮಗು ಇನ್ನೂ ದೂರ ಹೋಗುತ್ತದೆ. ಬೆಳಕು ತೆಗೆದರೆ, ಎಲ್ಲೋ ಬಿದ್ದಿದ್ದ ಪಕ್ಷಕ್ಕೆ, ನನ್ನ ಕೈಯಾರೆ ಅವಳ ಮೇಲೆ ಕತ್ತಲು ಸುರಿದಂತೆ. ನಾನು ದ್ಯಾವಮ್ಮನ ಮುಖ ನೋಡಿದೆ. ಮಗಳನ್ನು ನಾನು ತಲೆಯೆತ್ತಿ ನೋಡಿರಲಿಲ್ಲ, ತಾಯಿ ಹನ್ನೊಂದು ವರ್ಷದಿಂದ ನೋಡಿದ್ದಾಳೆ. ಕೆಂಪು ಪೆನ್ನು ತೆಗೆದು ‘ನಲವತ್ತಮೂರು’ ಎಂದು ಬರೆದು ಸಹಿ ಹಾಕಿದೆ. ಮಂದಾಕಿನಿ ಎನ್ನುವುದರಲ್ಲಿ ಕೊನೆಯ ಅಕ್ಷರ ಹಾಳೆಯ ಅಂಚಿಗೆ ಓಡಿಹೋಯಿತು.

ಸೂರ್ಯ ಇಳಿಯತೊಡಗಿದ. ಯಾರೂ ಮನೆಗೆ ಹೋಗಲಿಲ್ಲ. ಎಲ್ಲರೂ ಕೆರೆಯ ಏರಿಯ ಮೇಲೆ ನಿಂತು ತೋಪಿನ ಕಡೆ ನೋಡುತ್ತಿದ್ದೆವು. ವೀರಭದ್ರಯ್ಯನವರು ಟೆಂಟಿನ ಟಾರ್ಚನ್ನು ಹತ್ತಿಸಿ ಮೇಲೆತ್ತಿ ಹಿಡಿದಿದ್ದರು, ಅದನ್ನು ಒಪ್ಪಿಕೊಳ್ಳಲೇಬೇಕು. ಸೂರ್ಯ ಕಣ್ಮರೆಯಾಗುತ್ತಲೇ ಬುಡೇನ್ ಸಾಬರು ಒಂದು ಗುಟುಕು ನೀರು ಕುಡಿದರು. ಖರ್ಜೂರವನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಇಟ್ಟುಕೊಂಡರು. ಕೆರೆ ಮೊದಲು ಕೆಂಪಾಯಿತು, ಆಮೇಲೆ ಬೂದಿ ಬಣ್ಣವಾಯಿತು. ಹಕ್ಕಿಗಳು ಎರಡು ಮೂರು ಗಂಟೆಯ ಬಾಕಿ ಕಿರುಚಾಟವನ್ನೆಲ್ಲ ಒಟ್ಟಿಗೆ ಕಿರುಚಿ ಮುಗಿಸಿದವು. ನಾನು ದ್ಯಾವಮ್ಮನ ಕೈ ಹಿಡಿದುಕೊಂಡಿದ್ದೆ. ಅವಳು ಹಿಡಿದುಕೊಂಡಿದ್ದಳೋ, ಬಿಡಿಸಿಕೊಳ್ಳುವ ಶಕ್ತಿ ಇರಲಿಲ್ಲವೋ, ಗೊತ್ತಿಲ್ಲ.

ಇನ್ನೇನು ಮುಖ ಕಾಣದಷ್ಟು ಮಬ್ಬಾಯಿತು ಅನ್ನುವಾಗ ತೋಪಿನ ಅಂಚಿನಿಂದ ಸಣ್ಣದೊಂದು ಆಕಾರ ಹೊರಗೆ ಬಂತು. ಓಡುತ್ತಿರಲಿಲ್ಲ. ಕಾಲೆಳೆದುಕೊಂಡು, ಕೈಯಲ್ಲೊಂದು ಚೀಟಿ ಹಿಡಿದುಕೊಂಡು ನಡೆದುಬರುತ್ತಿತ್ತು.

ದ್ಯಾವಮ್ಮ ಇಳಿದು ಓಡಿ, ಮೊದಲು ಬೆನ್ನಿಗೆ ಎರಡು ಬಾರಿಸಿ, ಆಮೇಲೆ ತಬ್ಬಿಕೊಂಡು ಅಲ್ಲೇ ಕುಸಿದು ಕೂತಳು. ಪುಟ್ಟತಾಯಿ ತಾಯಿಯ ತೋಳಿನಿಂದ ತಲೆ ಹೊರಗೆ ಹಾಕಿ ನನ್ನನ್ನು ಕಂಡು ಚೀಟಿ ಚಾಚಿದಳು.

“ಸಾವಿರದ ಇನ್ನೂರ ಎಂಬತ್ತೇಳು ಟೀಚರ್. ಸೀಮೆಸುಣ್ಣ ಮುಗ್ದೋಯ್ತು. ಗುಡ್ಡದ ಮೇಲೂ ಎಣಿಸ್ದೆ.” ಆಮೇಲೆ ಅವಳ ದನಿಯಲ್ಲಿ ನಿಜವಾದ ಸಿಟ್ಟು ಬಂತು. “ಎಷ್ಟೊತ್ತು ಟೀಚರ್ ನೀವು? ಸಂಜೆ ಮಾಡೋದೇ ಮರ್ತ್ಬುಟ್ರಾ?”

ನಾನು ನಗಲು ಹೋಗಿ ಎಲ್ಲರೆದುರಿಗೆ ಗಟ್ಟಿಯಾಗಿ ಅತ್ತುಬಿಟ್ಟೆ. ಬುಡೇನ್ ಸಾಬರು ಖರ್ಜೂರವನ್ನು ಅರ್ಧ ಮಾಡಿ ಒಂದು ಪಾಲು ಅವಳ ಬಾಯಿಗೆ ಹಾಕಿದರು, ಇನ್ನೊಂದನ್ನು ತಾವು ಹಾಕಿಕೊಂಡರು. ಅಂದಿನ ಭಿನ್ನರಾಶಿಯ ಪಾಠ ಅಷ್ಟೇ ನಡೆದದ್ದು.

ಮಾರನೆಯ ಬೆಳಿಗ್ಗೆ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ನಕ್ಕರು. ಮರಗಳ ಗಣತಿ ರದ್ದಾಗಿದೆಯಂತೆ. ರದ್ದತಿಯ ಸುತ್ತೋಲೆ ಹಿಂದಿನ ದಿನ ಮಧ್ಯಾಹ್ನವೇ ಬಂದಿತ್ತಂತೆ, ಬೂಟಿನ ಅಳತೆಯ ಪಟ್ಟಿಯ ಕೆಳಗೆ ಸೇರಿಕೊಂಡುಬಿಟ್ಟಿತ್ತಂತೆ. ಕೈಯಲ್ಲಿದ್ದ ಡಸ್ಟರನ್ನು ಮೇಜಿನ ಮೇಲೆ ಇಟ್ಟೆ, ಅಷ್ಟೆ. ಅವರು ಅರ್ಥಮಾಡಿಕೊಂಡು ಬೇಗ ಹೋದರು.

ನಾನು ಹಾಜರಿ ಕೂಗುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಪೆನ್ನಿಗಾಗಿ ಜಗಳವಾಡುತ್ತಿದ್ದರು, ಹಲ್ಲಿಲ್ಲದ ಇರ್ಫಾನ ಹಿಂದಿನ ದಿನದ ಬಾಕಿಯನ್ನೂ ಸೇರಿಸಿ ಮಾತಾಡುತ್ತಿದ್ದ. ಮೇಜಿನ ಹತ್ತಿರ ಯಾರೋ ಬಂದು ನಿಂತು, “ಟೀಚರ್” ಎಂದರು. ಈ ಸಲ ತಲೆ ಎತ್ತಿ ನೋಡಿದೆ. ಪುಟ್ಟತಾಯಿ.

“ಆ ಮರದ ಲೆಕ್ಕ ಯಾರಿಗೆ ಬೇಕಿತ್ತು ಟೀಚರ್?”

ಸುಳ್ಳು ಹೇಳಬಹುದಿತ್ತು. “ಯಾರಿಗೂ ಬೇಡವಂತೆ ಪುಟ್ಟಿ” ಎಂದೆ.

ಅವಳ ಮುಖ ಹಗುರಾಯಿತು.

“ಸದ್ಯ. ಕೊನೇಲಿ ಕೆಲವು ಮರ ಎರಡೆರಡು ಸಲ ಎಣಿಸ್ಬಿಟ್ಟೆ ಅನ್ಸುತ್ತೆ. ಆವಾಗ ಅಳು ಬರ್ತಿತ್ತು ಟೀಚರ್, ಕಣ್ಣು ಸರಿಯಾಗಿ ಕಾಣ್ತಿರ್ಲಿಲ್ಲ.”

ಹೇಳಿ ಹೋಗಿ ತನ್ನ ಜಾಗದಲ್ಲಿ ಕೂತಳು. ಮುಂದಿನ ಹೆಸರನ್ನು ನಾನು ತಲೆ ಎತ್ತಿ, ಆ ಮಗುವಿನ ಮುಖ ನೋಡಿ ಕೂಗಿದೆ.